ಹಿಮಗಾಲದಲ್ಲಿ ಹಿತ್ತಲ ಕೋಳಿಗಳ ಪೋಷಣೆ

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಂದೆತಾಯಿಗಳಿಗೂ ಕೋಳಿಸಾಕಣೆಯು ಹೊಸ ವಿಷಯವಲ್ಲ. ಸಾಯಂಕಾಲ ಕೋಳಿಗಳನ್ನು ಬುಟ್ಟಿಯ ಕೆಳಗೆ ಕವುಚುವುದು, ಬೆಳಗಾದೊಡನೆ ಬುಟ್ಟಿಯನ್ನೆತ್ತಿ ಅಂಗಳಕ್ಕೆ ನುಚ್ಚು ಚೆಲ್ಲುವುದು, ಕಾವಿಗೆ ಕುಳಿತ ಹೇಂಟೆಯ ಬಳಿಗೆ ಮಕ್ಕಳನ್ನು ಬಿಡದಿರುವುದು, ಇವನ್ನೆಲ್ಲ ನಮ್ಮಲ್ಲಿ ಅನೇಕರು ಅಕ್ಷರಾಭ್ಯಾಸಕ್ಕೆ ಮುಂಚೆಯೇ ಅಜ್ಜಿಯರಿಂದ ಕಲಿತಿದ್ದೆವು. ಆದರೆ ಈ ಕಾಲದಲ್ಲಿ ನಮ್ಮ ಹೆಣ್ಣುಮಕ್ಕಳು ವಿವಾಹದಿಂದಲೋ ಉದ್ಯೋಗದಿಂದಲೋ ದೂರದೇಶಗಳಿಗೆ ಹೋಗಿ, ವರ್ಷದಲ್ಲಿ ನಾಲ್ಕೈದು ತಿಂಗಳು ನೆಲವೇ ಕಾಣಿಸದಂತೆ ಹಿಮ ಮುಚ್ಚುವ ಪ್ರದೇಶಗಳಲ್ಲಿ ಸಂಸಾರ ಹೂಡಿದ್ದಾರೆ. ಅಲ್ಲಿಯೂ ಹಿತ್ತಲಲ್ಲಿ ನಾಲ್ಕು ಕೋಳಿಗಳಿರಲಿ ಎಂಬ ಆಸೆ ಹುಟ್ಟುವುದು ಸಹಜವೇ. ಅಮೆರಿಕದ ಉತ್ತರ ಭಾಗದಲ್ಲಿರುವ ಮಿನೆಸೋಟ ಸಂಸ್ಥಾನದಲ್ಲಿ ನಾವು ಕೋಳಿ ಸಾಕಿ, ಮೊದಲು ತಪ್ಪಿ, ಆಮೇಲೆ ತಿದ್ದಿಕೊಂಡು ಕಲಿತ ಪಾಠವನ್ನು ಈ ಸ್ಮರಣ ಸಂಚಿಕೆಯ ವಾಚಕರ ಮುಂದಿಡುತ್ತೇವೆ.

ಆ ಸೀಮೆಯ ಚಳಿ ಎಂಥಾದ್ದೆಂಬದನ್ನು ಮೊದಲು ತಿಳಿಯತಕ್ಕದ್ದು. ಜನವರಿ ತಿಂಗಳಲ್ಲಿ ಶಾಖಮಾಪಕವು ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ೨೦ ಸೆಂಟಿಗ್ರೇಡ್ ಡಿಗ್ರಿ ಕೆಳಗಿಳಿಯುವುದು ಅಲ್ಲಿ ಅಪರೂಪವಲ್ಲ. ಆ ಸಂಸ್ಥಾನದ ಟವರ್ ಎಂಬ ಊರಿನ ಬಳಿ ೧೯೯೬ನೆಯ ಇಸವಿ ಫೆಬ್ರವರಿ ೨ರಂದು ಅದು ಸೊನ್ನೆಗಿಂತ ೫೧ ಡಿಗ್ರಿ ಕೆಳಗಿಳಿದಿತ್ತು. ಡಿಸೆಂಬರಿನಲ್ಲಿ ಹಗಲು ಒಂಬತ್ತು ಗಂಟೆಗಳಷ್ಟು ಕೂಡ ಇರುವುದಿಲ್ಲ. ನಮ್ಮ ಮೈಸೂರಿನಲ್ಲಾದರೋ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗೆ ಮಿಕ್ಕಿರುತ್ತದೆ.

ಮೊದಲನೆಯ ವರ್ಷ ನಮ್ಮಲ್ಲಿ ಆರು ಹೇಂಟೆಗಳಿದ್ದವು. ಚಳಿಗಾಲ ಸಮೀಪಿಸುತ್ತಲೇ ನಾವು ಬಹಳ ಕನಿಕರಪಟ್ಟು, ಗೂಡಿನ ಸಂದುಗೊಂದುಗಳಿಗೆಲ್ಲ ಹಳೆಯ ಬಟ್ಟೆಯನ್ನು ತುರುಕಿ, ಕಿಟಕಿಗೆ ದಪ್ಪ ಹಾಳೆಯನ್ನು ಹೊದಿಸಿ, ಗಾಳಿಯ ಎಳೆಯೂ ನುಸುಳದಂತೆ ಮಾಡಿದೆವು. ಇನ್ನು ಅವುಗಳಿಗೆ ಭಯವಿಲ್ಲವೆಂದು ನೆಮ್ಮದಿಯಿಂದ ಮಲಗಿದೆವು. ಜನವರಿಯ ಒಂದು ಬೆಳಿಗ್ಗೆ ಬಾಗಿಲು ತೆರೆದಾಗ ಗೋಡೆಗಳ ಒಳಮೈಯೆಲ್ಲ ಬಿಳಿಯ ಮಂಜಿನ ಹೆಕ್ಕಳೆಯಿಂದ ಮುಚ್ಚಿತ್ತು. ಬಿಳಿಯ ಹೇಂಟೆಯ ಎತ್ತರವಾದ ಜುಟ್ಟಿನ ತುದಿಗಳು ಕರ್ರಗಾಗಿದ್ದವು. ಇನ್ನೊಂದು ಕೊರಳು ಚಾಚಿ ಗೊರಗೊರನೆ ಉಸಿರಾಡುತ್ತಿತ್ತು. ಅದು ಮೂರನೆಯ ದಿನ ಸತ್ತಿತು. ಹೊಲಮನೆಯಲ್ಲಿ ಹುಟ್ಟಿ ಬೆಳೆದ ನೆರೆಮನೆಯ ವೃದ್ಧೆಯೊಬ್ಬರು ಬಂದು, ಗೂಡಿನೊಳಗೆ ತಲೆಯಿಕ್ಕಿ ನೋಡಿ, "ಅಮ್ಮಾ, ಇವು ಚಳಿಯಿಂದ ಕಷ್ಟಪಡುತ್ತಿಲ್ಲ. ನೀವು ಇವುಗಳ ಉಸಿರನ್ನೇ ಇವುಗಳ ಮೇಲೆ ಸುರಿಯುತ್ತಿದ್ದೀರಿ" ಎಂದರು. ನಮ್ಮ ಮಕ್ಕಳು ಸತ್ತ ಕೋಳಿಗಾಗಿ ಅಳುತ್ತಿದ್ದರು. ಕೊಂದದ್ದು ನಮ್ಮ ಅಕ್ಕರೆಯೇ ಎಂದು ಅವರಿಗೆ ಹೇಳುವುದು ನಮಗೆ ಸುಲಭವಾಗಲಿಲ್ಲ.

ಇದರ ಕಾರಣವನ್ನು ವಿಚಾರಿಸೋಣ. ಕೋಳಿಯ ಮೈಶಾಖವು ಸುಮಾರು ೪೧ ಡಿಗ್ರಿ, ಅಂದರೆ ನಮ್ಮದಕ್ಕಿಂತ ಹೆಚ್ಚು. ಹೊರಗರಿಗಳ ಕೆಳಗೆ ಮೃದುವಾದ ತುಪ್ಪುಳಿದ್ದು, ಕೋಳಿಯು ಗರಿ ಕೆದರಿ ಕುಳಿತಾಗ ಅದರ ನಡುವೆ ಸಿಕ್ಕಿದ ಗಾಳಿಯೇ ಅದಕ್ಕೆ ಕಂಬಳಿಯಾಗುವುದು. ಕಾಲುಗಳಲ್ಲಿ ಕೆಳಗಿಳಿಯುವ ಬಿಸಿ ರಕ್ತದ ನಾಳಗಳೂ ಮೇಲೇರುವ ತಣ್ಣನೆಯ ರಕ್ತದ ನಾಳಗಳೂ ಒಂದಕ್ಕೊಂದು ಹತ್ತಿರವಾಗಿ ಹರಿಯುವುದರಿಂದ, ಮೈಯ ಕಾವು ಪಾದದಲ್ಲಿ ಪೋಲಾಗದೆ ಹಿಂದಿರುಗುತ್ತದೆ. ಹೀಗಿರಲಾಗಿ ಆರೋಗ್ಯವುಳ್ಳ, ಗರಿ ತುಂಬಿದ, ಹೊಟ್ಟೆ ತುಂಬ ತಿಂದ ಕೋಳಿಯು ಒಣಗಿದ ಚಳಿಯನ್ನು ನಾವು ನೆನಸುವುದಕ್ಕಿಂತ ಬಹು ಚೆನ್ನಾಗಿ ತಾಳುತ್ತದೆ. ಅದು ತಾಳಲಾರದ್ದು ತೇವವನ್ನು.

ಒಂದು ಹೇಂಟೆಯು ದಿನಕ್ಕೆ ಸುಮಾರು ಕಾಲು ಲೀಟರು ನೀರು ಕುಡಿಯುವುದು. ಅದರ ಬಹುಭಾಗವು ಉಸಿರಿನ ಮೂಲಕವೂ ಹಿಕ್ಕೆಯ ಮೂಲಕವೂ ಹೊರಬೀಳುತ್ತದೆ. ಆರು ಕೋಳಿಗಳೆಂದರೆ ದಿನಕ್ಕೆ ಒಂದೂವರೆ ಲೀಟರಾಯಿತು. ಮುಚ್ಚಿದ ಗೂಡಿನಲ್ಲಿ ಈ ನೀರೆಲ್ಲ ಎಲ್ಲಿಗೆ ಹೋದೀತು? ತಣ್ಣನೆಯ ಗಾಳಿಯು ಹೆಚ್ಚು ನೀರಾವಿಯನ್ನು ಹೊರಲಾರದಾದ ಕಾರಣ ಅದು ಗೋಡೆಯ ಮೇಲೆಯೂ, ಗರಿಯಿಲ್ಲದ ಜುಟ್ಟಿನ ಮೇಲೆಯೂ ಕುಳಿತು ಹೆಪ್ಪುಗಟ್ಟುತ್ತದೆ. ಗರಿಗಳು ತೇವವಾದರೆ ಕಂಬಳಿಯ ಗುಣವು ಕೆಡುತ್ತದೆ. ಇದಲ್ಲದೆ ಒದ್ದೆಯಾದ ಹಿಕ್ಕೆಯಿಂದ ಅಮೋನಿಯವೆಂಬ ತೀಕ್ಷ್ಣವಾಯು ಎದ್ದು, ಕೋಳಿಗಳ ಕಣ್ಣನ್ನೂ ಶ್ವಾಸನಾಳವನ್ನೂ ಕೆಡಿಸುವುದು. ನಮ್ಮ ಗೂಡಿನಲ್ಲಿ ಆದದ್ದು ಇದೇ.

ಆದಕಾರಣ ಮೊದಲನೆಯ ನಿಯಮವು ಗಾಳಿಯ ಸಂಚಾರ. ಕೋಳಿಗಳು ಕುಳಿತಿರುವ ಎತ್ತರದಲ್ಲಿ ಗಾಳಿ ಬೀಸಕೂಡದು. ಅವುಗಳ ತಲೆಗಿಂತ ಮೇಲೆ, ಸೂರಿನ ಹತ್ತಿರ, ತೇವಗಾಳಿಯು ಹೊರಹೋಗುವ ಕಿಂಡಿಗಳು ಚಳಿಗಾಲದಲ್ಲಿಯೂ ತೆರೆದಿರಬೇಕು. ಮ್ಯಾಸಚೂಸೆಟ್ಸ್ ಸಂಸ್ಥಾನದ ಡಾಕ್ಟರ್ ಪ್ರಿನ್ಸ್ ವುಡ್ಸ್ ಎಂಬವರು ೧೯೧೨ರಲ್ಲಿಯೇ ಈ ವಿಷಯವಾಗಿ ಒಂದು ಪುಸ್ತಕವನ್ನು ಪ್ರಕಟಿಸಿ, ಮೂರು ಕಡೆ ಭದ್ರವಾಗಿ ಮುಚ್ಚಿ, ದಕ್ಷಿಣದ ಕಡೆ ಬರಿಯ ತಂತಿಬಲೆಯುಳ್ಳ ಕೋಳಿಮನೆಯು ಶೀತದೇಶಕ್ಕೂ ತಕ್ಕದ್ದೆಂದು ವಾದಿಸಿದರು. ಅಂಥ ಮನೆಯು ಮುಂದಿನಿಂದ ಹಿಂದಕ್ಕೆ ಉದ್ದವಾಗಿರುವುದರಿಂದ ಕೋಳಿಗಳು ಮಲಗುವ ಹಿಂಭಾಗದಲ್ಲಿ ಗಾಳಿಯು ನಿಶ್ಚಲವಾಗಿರುತ್ತದೆ. ಗೂಡನ್ನು ಪರೀಕ್ಷಿಸುವುದಕ್ಕೆ ಯಂತ್ರ ಬೇಕಾಗಿಲ್ಲ. ಬೆಳಿಗ್ಗೆ ಬಾಗಿಲು ತೆರೆದು ಕೋಳಿಗಳ ಎತ್ತರಕ್ಕೆ ಬಗ್ಗಿ ಉಸಿರೆಳೆದುಕೊಳ್ಳಿರಿ. ಮೂಗು ಉರಿದರೆ, ಅಥವಾ ಕಿಟಕಿಯ ಒಳಮೈಯಲ್ಲಿ ನೀರು ಇಳಿಯುತ್ತಿದ್ದರೆ, ಕಿಂಡಿ ಸಾಲದೆಂದು ತಿಳಿಯಿರಿ.

ಎರಡನೆಯದು ನೆಲಹಾಸು ಮತ್ತು ಕೂರುವ ಪಟ್ಟಿ. ಬಡಗಿಯು ಹತ್ತರಿ ಹಿಡಿದಾಗ ಬೀಳುವ ಒಣ ಮರದ ಸಿಪ್ಪೆಯನ್ನು ಅರ್ಧ ಅಡಿಯಷ್ಟು ದಪ್ಪವಾಗಿ ಹಾಸಬೇಕು. ಒಂದು ಹಿಡಿಯನ್ನು ತೆಗೆದು ಅದುಮಿದಾಗ ಉಂಡೆಗಟ್ಟಿದರೆ ಅದನ್ನು ತೆಗೆದು ಒಣದನ್ನು ಹಾಕತಕ್ಕದ್ದು. ಕೂರುವ ಪಟ್ಟಿಯು ದುಂಡನೆಯ ಕೋಲಾಗಿರದೆ, ಮೂರೂವರೆ ನಾಲ್ಕು ಅಂಗುಲ ಅಗಲದ ಚಪ್ಪಟೆ ಹಲಗೆಯಾಗಿರಲಿ. ಆಗ ಕೋಳಿಯು ತನ್ನ ಬೆರಳುಗಳನ್ನು ಹೊಟ್ಟೆಯ ಗರಿಗಳಿಂದ ಪೂರ್ತಿ ಮುಚ್ಚಿಕೊಂಡು ಮಲಗುವುದು.

ಗೂಡಿನಲ್ಲಿ ಕಾವುದೀಪವನ್ನು ತೂಗುಹಾಕುವ ವಾಡಿಕೆ ಕೆಲವರಲ್ಲುಂಟು. ನಾವು ಅದನ್ನು ಒಪ್ಪುವುದಿಲ್ಲ. ಒಣಹುಲ್ಲು, ಧೂಳು, ಗರಿ ಇವುಗಳ ನಡುವೆ ಅಂಥ ದೀಪವು ಬಿದ್ದರೆ ಗೂಡೂ ಕೋಳಿಗಳೂ ಬೆಂಕಿಗೆ ಆಹುತಿಯಾಗುವುವು. ಅಲ್ಲದೆ ಕಾವಿಗೆ ಒಗ್ಗಿದ ಕೋಳಿಗಳು ಹಿಮಗಾಳಿಯ ರಾತ್ರಿ ವಿದ್ಯುತ್ತು ನಿಂತರೆ ತಟ್ಟನೆ ಬಂದ ಚಳಿಯನ್ನು ತಾಳಲಾರವು.

ಮೂರನೆಯದು ನೀರು. ಹಿಮವಿರುವಲ್ಲಿ ನೀರಿಗೇನು ಕೊರತೆಯೆಂದು ಭಾವಿಸಬಾರದು. ಪಾತ್ರೆಯ ನೀರು ಒಂದೆರಡು ಗಂಟೆಗಳಲ್ಲಿಯೇ ಕಲ್ಲಾಗುವುದು. ನೀರಿಲ್ಲದ ಕೋಳಿಯು ಮೇವನ್ನೂ ಬಿಡುತ್ತದೆ. ಮೇವು ಬಿಟ್ಟ ಕೋಳಿಗೆ ಮೈಕಾವು ಹುಟ್ಟದು. ಮೊಟ್ಟೆಯಲ್ಲಿಯೂ ಮುಕ್ಕಾಲು ಪಾಲು ನೀರೇ ಅಲ್ಲವೇ? ದಿನಕ್ಕೆ ಎರಡು ಮೂರು ಸಾರಿ ಬೆಚ್ಚನೆಯ ನೀರನ್ನು ಕೊಡಬೇಕು. ಇಲ್ಲವೇ ಪಾತ್ರೆಯನ್ನು ಮಾತ್ರ ಬೆಚ್ಚಗಿಡುವ ವಿದ್ಯುತ್ ಪೀಠವನ್ನು ಉಪಯೋಗಿಸಬಹುದು. ನೀರಿನ ಪಾತ್ರೆಯನ್ನು ಮಲಗುವ ಸ್ಥಳದಲ್ಲಿ ಇಡದಿದ್ದರೆ ಒಳಗಿನ ತೇವವೂ ಕಡಿಮೆಯಾಗುವುದು. ಗದ್ದದ ಜೋಲುಗಳು ಮುಳುಗದಂತೆ ಪಾತ್ರೆಯ ಬಾಯಿ ಕಿರಿದಾಗಿರುವುದು ಉತ್ತಮ.

ನಾಲ್ಕನೆಯದು ಆಹಾರ. ಮೊಟ್ಟೆಯಿಡುವ ಹೇಂಟೆಗೆ ದಿನಕ್ಕೆ ಸುಮಾರು ೧೨೦ ಗ್ರಾಂ ಮೇವು ಬೇಕು. ಕಡುಚಳಿಯಲ್ಲಿ ಇನ್ನೂ ಹೆಚ್ಚು ತಿನ್ನುವುದು. ನೂರಕ್ಕೆ ೧೬ ಪಾಲು ಸಸಾರಜನಕವುಳ್ಳ ಮೇವೇ ಮುಖ್ಯ. ಸಂಜೆ ಮಲಗುವ ಮುಂಚೆ ಒಂದಿಷ್ಟು ಒಡೆದ ಮುಸುಕಿನ ಜೋಳವನ್ನು ಹಾಕಿದರೆ ಅದು ಕೊರಳಚೀಲದಲ್ಲಿ ತುಂಬಿಕೊಂಡು ರಾತ್ರಿಯೆಲ್ಲ ಜೀರ್ಣವಾಗುತ್ತಾ ಕಾವು ಕೊಡುವುದು. ಆದರೆ ಜೋಳವೇ ಊಟವಾದರೆ ಕೋಳಿಗೆ ಕೊಬ್ಬು ಬೆಳೆಯುವುದೇ ಹೊರತು ಬಲ ಬರದು. ನೆಲವು ಹಿಮದಡಿಯಲ್ಲಿರುವುದರಿಂದ ಅರೆಯುವ ಹರಳುಗಳನ್ನೂ, ಮೊಟ್ಟೆಯ ಓಡಿಗಾಗಿ ಪುಡಿಮಾಡಿದ ಸಿಂಪಿಚಿಪ್ಪನ್ನೂ ನಾವೇ ಒದಗಿಸಬೇಕು. ಕೋಳಿಗಳು ಹೊಸ ಹಿಮದ ಮೇಲೆ ಕಾಲಿಡಲು ಅಂಜುತ್ತವೆ. ಒಂದು ದಾರಿಯನ್ನು ಗೋರಿ ಒಣಹುಲ್ಲು ಹರಡಿದರೆ ಹೊರಗೆ ಬರುವುವು. ಒಳಗೇ ಕೂಡಿದ ಕೋಳಿಗಳು ಬೇಸರದಿಂದ ಒಂದರ ಗರಿಯನ್ನೊಂದು ಕಿತ್ತುಕೊಳ್ಳುವುದರಿಂದ, ಒಂದು ಕೋಸುಗಡ್ಡೆಯನ್ನು ದಾರದಿಂದ ತೂಗುಹಾಕುವುದು ಒಳ್ಳೆಯ ಉಪಾಯ.

ಐದನೆಯದು ಬೆಳಕು. ಮೊಟ್ಟೆ ನಿಲ್ಲುವುದಕ್ಕೆ ಚಳಿಗಿಂತಲೂ ಹಗಲು ಕುಗ್ಗುವುದೇ ಹೆಚ್ಚಿನ ಕಾರಣ. ಹೇಂಟೆಗೆ ದಿನಕ್ಕೆ ೧೪ರಿಂದ ೧೬ ಗಂಟೆಗಳ ಬೆಳಕಿದ್ದರೆ ಮೊಟ್ಟೆ ಚೆನ್ನಾಗಿ ಬರುವುದು. ಕೃತಕ ಬೆಳಕು ಬೇಕೆನ್ನುವವರು ಮುಂಜಾನೆ ಸಣ್ಣ ದೀಪವನ್ನು ಹಚ್ಚಲಿ. ಸಂಜೆ ಹಚ್ಚಿದರೆ ಅದು ತಟ್ಟನೆ ಆರಿದಾಗ ಕೋಳಿಗಳು ಕತ್ತಲೆಯಲ್ಲಿ ತಮ್ಮ ಸ್ಥಳವನ್ನು ಸೇರಲಾರವು. ಗರಿ ಬದಲಿಸಿ ದಣಿದ ಹೇಂಟೆಗೆ ಎರಡು ತಿಂಗಳ ವಿಶ್ರಾಂತಿಯು ನ್ಯಾಯವೆಂದು ಎಣಿಸಿ ನಾವು ದೀಪವನ್ನು ಹಚ್ಚುವುದಿಲ್ಲ.

ಜುಟ್ಟು ಚಳಿಗೆ ಸಿಕ್ಕಿ ಕಪ್ಪಾದರೆ ಅದನ್ನು ಉಜ್ಜಬಾರದು, ಬೆಂಕಿಯ ಹತ್ತಿರ ಕಾಯಿಸಬಾರದು, ಕತ್ತರಿಸಲೂಬಾರದು. ಕೋಳಿಯನ್ನು ಒಣಗಿದ, ತುಸು ಬೆಚ್ಚಗಿನ ಸ್ಥಳದಲ್ಲಿಟ್ಟರೆ ಸತ್ತ ಭಾಗವು ತಾನೇ ಒಣಗಿ ಉದುರುವುದು. ಊದಿಕೊಂಡರೆ ಪಶುವೈದ್ಯರಿಗೆ ತೋರಿಸತಕ್ಕದ್ದು.

ತಳಿಯ ವಿಷಯದಲ್ಲಿಯೂ ವಿವೇಕ ಬೇಕು. ಕೋಳಿಯ ಮೂಲವು ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿ. ನಮ್ಮ ಪಶ್ಚಿಮಘಟ್ಟಗಳ ಬೂದು ಕಾಡುಕೋಳಿಯ ರಕ್ತವೂ ಅದರಲ್ಲಿ ಬೆರೆತಿದ್ದು, ಅನೇಕ ಸಾಕುಕೋಳಿಗಳ ಹಳದಿ ಚರ್ಮವು ಅದರಿಂದ ಬಂದದ್ದೆಂದು ೨೦೦೮ರಲ್ಲಿ ಶಾಸ್ತ್ರಜ್ಞರು ತೋರಿಸಿದರು. ಉಷ್ಣದೇಶದ ಈ ಹಕ್ಕಿಯನ್ನು ಹಿಮಕ್ಕೆ ಒಗ್ಗಿಸಿದ್ದು ಮನುಷ್ಯರ ತಾಳ್ಮೆ. ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಓಕಾ ಮಠದ ಸನ್ಯಾಸಿ ಬ್ರದರ್ ವಿಲ್ಫ್ರಿಡ್ ಎಂಬವರು ಐದು ತಳಿಗಳನ್ನು ಅನೇಕ ವರ್ಷ ಬೆರೆಸಿ, ಜುಟ್ಟೂ ಜೋಲೂ ಬಹು ಚಿಕ್ಕದಾದ ಶಾಂಟೆಕ್ಲೇರ್ ಎಂಬ ತಳಿಯನ್ನು ಸಿದ್ಧಮಾಡಿದರು. ಅದು ೧೯೨೧ರಲ್ಲಿ ಅಮೆರಿಕದ ಪ್ರಮಾಣ ತಳಿಗಳ ಪಟ್ಟಿಗೆ ಸೇರಿತು. ಓಹಾಯೋ ಸಂಸ್ಥಾನದ ವಾರೆನ್ ಪಟ್ಟಣದ ನೆಟ್ಟಿ ಮೆಟ್‌ಕಾಫ್ ಎಂಬ ಗೃಹಿಣಿಯು ಚಳಿ ತಾಳುವ, ಚಿಕ್ಕ ಜುಟ್ಟಿನ ಬಕೈ ತಳಿಯನ್ನು ತನ್ನ ಹಿತ್ತಲಲ್ಲಿಯೇ ರೂಪಿಸಿದಳು. ಅಮೆರಿಕದ ತಳಿಗಳಲ್ಲಿ ಹೆಂಗಸೊಬ್ಬಳ ಕೈಯಿಂದ ಸಿದ್ಧವಾದದ್ದು ಅದೊಂದೇ ಎಂದು ಪ್ರಸಿದ್ಧವಾಗಿದೆ. ಬಾಲಿಕೆಯರ ಪಾಠಶಾಲೆಯ ವಾಚಕರು ಈ ಹೆಸರನ್ನು ಜ್ಞಾಪಕದಲ್ಲಿಟ್ಟುಕೊಳ್ಳುವುದು ಯುಕ್ತವೇ.

ಎರಡನೆಯ ಚಳಿಗಾಲಕ್ಕೆ ನಾವು ಸೂರಿನ ಕೆಳಗೆ ಕಿಂಡಿಗಳನ್ನು ಕೊರೆದು ತಂತಿಬಲೆಯನ್ನು ಬಡಿದೆವು. ಕೊರೆಯುವಾಗ ಕೈ ನಡುಗಿದ್ದು ನಿಜ. ಸೊನ್ನೆಗಿಂತ ೨೫ ಡಿಗ್ರಿ ಕೆಳಗಿಳಿದ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಗೋಡೆಗಳು ಒಣಗಿದ್ದವು. ಐದೂ ಹೇಂಟೆಗಳು ಗರಿ ಕೆದರಿ, ಚೆಂಡುಗಳಂತೆ ಸಾಲಾಗಿ ಕುಳಿತಿದ್ದು, ಮೇವಿನ ಡಬ್ಬಿಯ ಸದ್ದು ಕೇಳುತ್ತಲೇ ಕೆಳಗೆ ಹಾರಿದವು. ತುದಿ ಕಳೆದುಕೊಂಡ ಜುಟ್ಟಿನ ಬಿಳಿಯ ಹೇಂಟೆಯೇ ಎಲ್ಲಕ್ಕೂ ಮುಂದಿತ್ತು.

ಹಿಮವನ್ನು ಕಾಣದ ನಮ್ಮ ನಾಡಿನವರಿಗೆ ಈ ಪಾಠದಿಂದೇನು ಪ್ರಯೋಜನವೆಂದು ಯಾರಾದರೂ ಕೇಳಿಯಾರು. ಮಲೆನಾಡಿನ ಆಷಾಢದಲ್ಲಿ, ಮಳೆಯ ಎರಚಲಿಗೆ ಹೆದರಿ ಕೋಳಿಗೂಡನ್ನು ಗೋಣಿಯಿಂದ ಸುತ್ತಲೂ ಬಿಗಿಯುವ ತಾಯಂದಿರು ಒಂದು ಬೆಳಿಗ್ಗೆ ಅದರೊಳಗೆ ಬಗ್ಗಿ ಉಸಿರೆಳೆದುಕೊಂಡು ನೋಡಲಿ. ಮೂಗು ಉರಿದರೆ ಎರಚಲು ಬೀಳದ ಕಡೆಯಲ್ಲಿ, ಸೂರಿನ ಹತ್ತಿರ, ಗೋಣಿಯನ್ನು ಒಂದು ಗೇಣು ಮೇಲಕ್ಕೆತ್ತಿ ಕಟ್ಟಲಿ.