ಅಂಕಿಗಳ ಆಲೇಖ್ಯ: ಒಂದು ವಿವೇಚನೆ

‘ಚಿತ್ರ’ ಎಂಬ ಶಬ್ದಕ್ಕೆ ಆಲೇಖ್ಯವೆಂದೂ ಆಶ್ಚರ್ಯವೆಂದೂ ನಿಘಂಟುಕಾರರು ಎರಡು ಅರ್ಥಗಳನ್ನು ಹೇಳುತ್ತಾರೆ. ಅಂಕಿ-ಅಂಶಗಳನ್ನು ರೇಖೆ, ಕಂಬ, ವೃತ್ತಗಳಿಂದ ನಿರೂಪಿಸುವ ವಿದ್ಯೆಗೆ ಈ ಎರಡರ್ಥಗಳೂ ಒಪ್ಪುತ್ತವೆ. ಅದು ಸಂಖ್ಯೆಯನ್ನು ಕಣ್ಣಿಗೆ ಕಾಣಿಸುತ್ತದೆ. ಒಮ್ಮೊಮ್ಮೆ ನೋಡುವವನನ್ನು ಬೆರಗುಗೊಳಿಸಿ ದಾರಿಯನ್ನೂ ತಪ್ಪಿಸುತ್ತದೆ. ಆದುದರಿಂದ ಇದರ ಗುಣದೋಷಗಳನ್ನು ಅರಿಯುವುದು ಆವಶ್ಯಕ.

ಈ ವಿದ್ಯೆ ಗಣಕಯಂತ್ರದೊಡನೆ ಹುಟ್ಟಿದುದಲ್ಲ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆಯಾತ-ನಿರ್ಯಾತಗಳನ್ನು ರೇಖೆಗಳಿಂದಲೂ ಕಂಬಗಳಿಂದಲೂ ತೋರಿಸಿದನು. ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ, ತಡೆಯಬಹುದಾಗಿದ್ದ ರೋಗಗಳಿಂದಲೇ ಮಡಿದರೆಂಬುದನ್ನು ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಒಂದು ಚಕ್ರಾಕಾರದ ಚಿತ್ರದಿಂದ ಮನಗಾಣಿಸಿದಳು.

ಕೋಷ್ಟಕವಿರುವಾಗ ಚಿತ್ರವೇಕೆ ಎಂಬ ಶಂಕೆಗೆ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್‌ಸ್ಕೂಂಬ್ 1973ರಲ್ಲಿ ಸಮಾಧಾನ ನೀಡಿದನು. ಆತ ರಚಿಸಿದ ನಾಲ್ಕು ಕೋಷ್ಟಕಗಳಲ್ಲಿ ತಲಾ 11 ಜೋಡಿ ಸಂಖ್ಯೆಗಳಿವೆ. ನಾಲ್ಕರ ಸರಾಸರಿಗಳೂ ಸಹಸಂಬಂಧವೂ ಬಹುತೇಕ ಒಂದೇ. ಬಿಂದುಗಳನ್ನು ಗುರುತಿಸಿ ನೋಡಿದರೆ ಒಂದು ಸರಳರೇಖೆಯ ಸುತ್ತ ಚದುರಿದೆ; ಇನ್ನೊಂದು ಕಮಾನಿನಂತೆ ಬಾಗಿದೆ; ಉಳಿದೆರಡರಲ್ಲಿ ಒಂದೊಂದು ಬಿಂದು ಗುಂಪನ್ನು ಅಗಲಿ ನಿಂತಿದೆ. ಗಣಿತ ಮರೆಮಾಡಿದುದನ್ನು ಕಣ್ಣು ಕಂಡುಹಿಡಿಯಿತು.

ಇಂದು ಅಂತರಜಾಲದಲ್ಲಿ ಈ ಕಾರ್ಯಕ್ಕೆ ಸಾಧನಗಳು ಹೇರಳ. ಹ್ಯಾನ್ಸ್ ರೋಸ್ಲಿಂಗ್ ಮತ್ತು ಸಂಗಡಿಗರ ಗ್ಯಾಪ್‌ಮೈಂಡರ್ ರಾಷ್ಟ್ರಗಳ ಆದಾಯ, ಆಯುಷ್ಯಗಳನ್ನು ಚಲಿಸುವ ಗುಳ್ಳೆಗಳಾಗಿ ತೋರಿಸುತ್ತದೆ. 2011ರಲ್ಲಿ ಹೊರಬಂದ ಡಿ3 ಕ್ರಮಲೇಖನ ಬಲ್ಲವರಿಗೆ ಉಪಯುಕ್ತ. ಡೇಟಾರ್‍ಯಾಪರ್‌ನಂಥವುಗಳಲ್ಲಿ ಕೋಷ್ಟಕವನ್ನು ತುಂಬಿದರೆ ಸಾಕು, ಚಿತ್ರ ಸಿದ್ಧ. ಆದರೆ ಯಾವ ರೂಪ ಯಾವುದಕ್ಕೆ ಉಚಿತವೆಂಬ ವಿವೇಕ ಬಳಸುವವನದು. ಕಾಲಕ್ರಮದ ಏರಿಳಿತಕ್ಕೆ ರೇಖೆ, ಪರಿಮಾಣಗಳ ಹೋಲಿಕೆಗೆ ಕಂಬ, ಎರಡು ಪರಿಮಾಣಗಳ ಸಂಬಂಧಕ್ಕೆ ಬಿಂದು: ಇದು ಸ್ಥೂಲ ನಿಯಮ.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ 2001ರಲ್ಲಿ ಶೇಕಡಾ 66.64, 2011ರಲ್ಲಿ ಶೇಕಡಾ 75.36. ಕಂಬಗಳನ್ನು ಸೊನ್ನೆಯಿಂದ ಎಬ್ಬಿಸಿದರೆ ಎರಡನೆಯದು ತುಸುವೇ ಎತ್ತರ. ಅವನ್ನೇ 60ರಿಂದ ಎಬ್ಬಿಸಿದರೆ ಮೊದಲನೆಯದರ ಎತ್ತರ 6.64, ಎರಡನೆಯದರದು 15.36. ಸಾಕ್ಷರತೆ ಇಮ್ಮಡಿಗೂ ಮೀರಿ ಬೆಳೆದಂತೆ ಭಾಸವಾಗುತ್ತದೆ! ಒಂದು ಅಂಕಿಯೂ ಸುಳ್ಳಲ್ಲ. ಚಿತ್ರ ಮಾತ್ರ ಸುಳ್ಳು. ಕಂಬ ತನ್ನ ಉದ್ದದಿಂದಲೇ ಅರ್ಥವನ್ನು ಹೇಳುವುದರಿಂದ ಅದರ ಬುಡವನ್ನು ಕತ್ತರಿಸಬಾರದು. ಅಂತೆಯೇ ಇಮ್ಮಡಿ ಸಂಖ್ಯೆಗೆ ವೃತ್ತದ ತ್ರಿಜ್ಯವನ್ನು ಇಮ್ಮಡಿಸಿದರೆ ಕ್ಷೇತ್ರಫಲ ನಾಲ್ಮಡಿಯಾಗುತ್ತದೆ.

ಅತಿಶಯೋಕ್ತಿ ಕಾವ್ಯಕ್ಕೆ ಭೂಷಣ, ಲೆಕ್ಕಕ್ಕೆ ದೂಷಣ.

ಉಪಾಧ್ಯಾಯರು ಇದನ್ನೇ ಪಾಠವಾಗಿಸಬಹುದು. ಮೇಲಿನ ಎರಡು ಕಂಬಚಿತ್ರಗಳನ್ನು ಸಂಖ್ಯೆಗಳಿಲ್ಲದೆ ತೋರಿಸಿ, ಎಷ್ಟು ಪಟ್ಟು ಏರಿಕೆಯೆಂದು ಮಕ್ಕಳನ್ನು ಕೇಳಬೇಕು. ಅನಂತರ ಸಂಖ್ಯೆಗಳನ್ನು ಕೊಟ್ಟು, ತಾವೇ ಚಿತ್ರ ರಚಿಸುವಂತೆ ಹೇಳಬೇಕು. ಯಾವ ಚಿತ್ರವನ್ನು ಕಂಡರೂ ಬುಡದ ಅಂಕಿಯನ್ನು ಮೊದಲು ಓದುವ ಅಭ್ಯಾಸ ಆಗ ತಾನಾಗಿ ಬರುತ್ತದೆ.

ವಿದ್ಯಾಸಂಸ್ಥೆಗಳು ಪರೀಕ್ಷಾಫಲಿತಾಂಶವನ್ನೂ ನಿಧಿಯ ವಿನಿಯೋಗವನ್ನೂ ದಾನಿಗಳ ಮುಂದೆ ಚಿತ್ರರೂಪದಲ್ಲಿ ಇಡುವ ಕಾಲವಿದು. ಅಲ್ಪ ಏರಿಕೆಯನ್ನು ಅಲ್ಪವೆಂದೇ ತೋರಿಸುವ ಚಿತ್ರ ಕ್ಷಣಕಾಲ ಸಪ್ಪೆಯೆನಿಸೀತು. ಆದರೆ ಕೊಟ್ಟವರ ವಿಶ್ವಾಸ ನಿಲ್ಲುವುದು ಅಂತಹ ಚಿತ್ರದ ಮೇಲೆಯೇ.