ಮಾತು ಬಿಟ್ಟ 13 ದಿನ

*ಇಂದಿನ ಧಮ್ಮ ಚಿಂತನೆ*
*ಪದ: ಉಪನಾಹ*



ಮಜ್ಝಿಮ ನಿಕಾಯದ ವತ್ಥೂಪಮ ಸುತ್ತದಲ್ಲಿ ಮನಸ್ಸನ್ನು ಕೊಳೆ ಮಾಡುವ 16 ಕಲ್ಮಶಗಳ ಪಟ್ಟಿ ಇದೆ. ಅದರಲ್ಲಿ ಕೋಪದ ಹೆಸರು ಬಂದ ಕೂಡಲೇ ಅದರ ಬೆನ್ನಿಗೆ ಬರುವ ಹೆಸರು ಉಪನಾಹ. ಕೋಪ ನಮಗೆಲ್ಲ ಗೊತ್ತು. ಉಪನಾಹ ಎಂದರೇನು?

ಪದವನ್ನು ಸ್ವಲ್ಪ ಬಿಡಿಸಿ ನೋಡೋಣ. ಇದರಲ್ಲಿರುವುದು 'ನಹ್' ಎಂಬ ಧಾತು. ಕಟ್ಟು, ಬಿಗಿ ಎಂದು ಅರ್ಥ. ನಾವು 'ಯುದ್ಧ ಸನ್ನದ್ಧ' ಎನ್ನುತ್ತೇವಲ್ಲ, ಸೊಂಟ ಬಿಗಿದು ನಿಂತವನು, ಅದೂ ಇದೇ ಧಾತುವಿನಿಂದ ಬಂದದ್ದು. ಕೋಪ ಬರುತ್ತದೆ, ಹೋಗುತ್ತದೆ. ಹೋಗಬೇಕಾದ ಕೋಪವನ್ನು ಹೋಗಗೊಡದೆ ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡರೆ ಅದು ಉಪನಾಹ. ಕನ್ನಡದಲ್ಲಿ 'ಹಗೆ ಕಟ್ಟಿಕೊಳ್ಳುವುದು' ಎನ್ನುವಾಗಲೂ ಕಟ್ಟುವ ಮಾತೇ ಇದೆ.

ಇದನ್ನು ಅರ್ಥ ಮಾಡಿಕೊಳ್ಳಲು ಇಂದು ಕಾರ್ ರೇಸಿನ ಒಂದು ನಿಜ ಘಟನೆಯನ್ನು ಓದೋಣ. ರೇಸ್ ನೋಡುವ ಅಭ್ಯಾಸ ಇಲ್ಲದವರಿಗೂ ತಿಳಿಯುವ ಹಾಗೆ ಹೇಳುತ್ತೇನೆ.

*ಒಂದು ಫಲಕ*

1982ರ ಏಪ್ರಿಲ್ 25, ಭಾನುವಾರ. ಇಟಲಿಯ ಇಮೋಲಾದಲ್ಲಿ ಸ್ಯಾನ್ ಮರೀನೊ ಗ್ರ್ಯಾನ್ ಪ್ರಿ ಎಂಬ ಫಾರ್ಮುಲಾ ಒನ್ ರೇಸ್. ಒಟ್ಟು 60 ಸುತ್ತು. ಆ ಸಲ ಆಡಳಿತ ಮಂಡಳಿಯ ಜೊತೆ ಜಗಳವಾಗಿ ಹಲವು ತಂಡಗಳು ಬಹಿಷ್ಕಾರ ಹಾಕಿದ್ದರಿಂದ ಓಡಿದ್ದು 14 ಕಾರು ಮಾತ್ರ. ಇಟಲಿಯವರ ಸ್ವಂತ ತಂಡ ಫೆರಾರಿ. ಅದರ ಎರಡು ಕೆಂಪು ಕಾರುಗಳಲ್ಲಿ ಒಂದನ್ನು ಕೆನಡಾದ ಜಿಲ್ ವಿಲ್ನೇವ್, ಇನ್ನೊಂದನ್ನು ಫ್ರಾನ್ಸಿನ ದಿದಿಯೆ ಪಿರೋನಿ ಓಡಿಸುತ್ತಿದ್ದರು. ಇಬ್ಬರೂ ಸಹೋದ್ಯೋಗಿಗಳು, ಒಳ್ಳೆಯ ಸ್ನೇಹಿತರು ಕೂಡ.

ಎದುರಾಳಿಗಳು ಅಂತ ಇದ್ದದ್ದು ರೆನೋ ತಂಡದ ಇಬ್ಬರು. ಅವರಲ್ಲಿ ಪ್ರೋಸ್ಟ್ ಆರಂಭದಲ್ಲೇ ನಿಂತುಬಿಟ್ಟರು. 44ನೇ ಸುತ್ತಿನಲ್ಲಿ ಆರ್ನೂ ಅವರ ಎಂಜಿನ್ ಕೈಕೊಟ್ಟಿತು. ಈಗ ಮುಂದೆ ವಿಲ್ನೇವ್, ಹಿಂದೆ ಪಿರೋನಿ. ಮೂರನೆಯವರು ತುಂಬಾ ದೂರ. ಫೆರಾರಿಗೆ ಇದ್ದ ಭಯ ಒಂದೇ: ಇಂಧನ ಮುಗಿದರೆ ಅಥವಾ ಎಂಜಿನ್ ಕೆಟ್ಟರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಆ ಕಾಲದಲ್ಲಿ ಓಡುವ ಚಾಲಕನಿಗೆ ಮಾತು ತಲುಪಿಸುವುದು ಇವತ್ತಿನಷ್ಟು ಸುಲಭವಿರಲಿಲ್ಲ. ತಂಡದವರು ಹಾದಿಯ ಪಕ್ಕದಲ್ಲಿ ನಿಂತು ಫಲಕ ಎತ್ತಿ ತೋರಿಸುತ್ತಿದ್ದರು. ಅಂದು ಎತ್ತಿದ ಫಲಕದಲ್ಲಿ ಇದ್ದದ್ದು 'ಸ್ಲೋ' ಎಂಬ ಒಂದೇ ಇಂಗ್ಲಿಷ್ ಪದ. ನಿಧಾನ.

ವಿಲ್ನೇವ್ ಅದನ್ನು ಓದಿಕೊಂಡದ್ದು ಹೀಗೆ: ಯಾರು ಎಲ್ಲಿದ್ದೀರೋ ಅಲ್ಲೇ ಇರಿ, ಹಾಗೇ ಮುಗಿಸಿ. ಪಿರೋನಿ ಓದಿಕೊಂಡದ್ದು ಹೀಗೆ: ಕಾರನ್ನು ಜೋಪಾನವಾಗಿ ಓಡಿಸಿ. ಅದರಲ್ಲಿ ಮುಂದೆ ಹೋಗಬೇಡ ಎಂದು ಎಲ್ಲಿದೆ?

ಪಿರೋನಿ ಮುಂದೆ ಹೋದರು. ವಿಲ್ನೇವ್ ಮತ್ತೆ ಮುಂದೆ ಬಂದು ವೇಗ ತಗ್ಗಿಸಿದರು. ಜನರನ್ನು ಖುಷಿಪಡಿಸಲು ಪಿರೋನಿ ಆಟ ಆಡುತ್ತಿದ್ದಾರೆ ಎಂದುಕೊಂಡರು. ಹೀಗೆ ಜಾಗ ಅದಲುಬದಲಾಗುತ್ತಾ ಹೋಯಿತು. 59ನೇ ಸುತ್ತಿನಲ್ಲಿ ವಿಲ್ನೇವ್ ಮುಂದಿದ್ದರು. ಇನ್ನೇನು ಮುಗಿಯಿತು ಎಂದು ತಿರುವಿನಲ್ಲಿ ಪಕ್ಕದ ದಾರಿಯನ್ನು ಕಾಯಲೂ ಇಲ್ಲ. ಕೊನೆಯ ಸುತ್ತಿನಲ್ಲಿ, ಟೋಸಾ ಎಂಬ ತಿರುವಿಗೆ ಮುಂಚೆ, ಪಿರೋನಿ ಆ ಜಾಗದಲ್ಲಿ ನುಗ್ಗಿ ಮುಂದೆ ಹೋದರು. ಗೆದ್ದರು. ಅಂತರ ಅರ್ಧ ಸೆಕೆಂಡಿಗಿಂತ ಕಡಿಮೆ.

ಬಹುಮಾನದ ವೇದಿಕೆಯ ಮೇಲೆ ವಿಲ್ನೇವ್ ಮುಖ ಕಲ್ಲಿನಂತಿತ್ತು. ಇನ್ನು ಮುಂದೆ ಪಿರೋನಿ ಜೊತೆ ಮಾತಿಲ್ಲ ಎಂದು ಅವರು ಪತ್ರಕರ್ತರ ಮುಂದೆಯೇ ಹೇಳಿದರು. ಹೇಳಿದಂತೆ ನಡೆದುಕೊಂಡರು.

*ಸಿಟ್ಟಿಗೆ ಕಾರಣ ಇರಲಿಲ್ಲವೇ?*

ಇತ್ತು. ಅದನ್ನು ತಿಳಿಯಲು ಮೂರು ವರ್ಷ ಹಿಂದಕ್ಕೆ ಹೋಗಬೇಕು. 1979ರಲ್ಲಿ ವಿಲ್ನೇವ್ ಅವರ ತಂಡದ ಜೊತೆಗಾರ ದಕ್ಷಿಣ ಆಫ್ರಿಕಾದ ಜೋಡಿ ಶೆಕ್ಟರ್. ಮೊಂಜಾದ ರೇಸಿನಲ್ಲಿ ಶೆಕ್ಟರ್ ಮುಂದೆ, ವಿಲ್ನೇವ್ ಅವರ ಬೆನ್ನಿಗೆ. ಶೆಕ್ಟರ್ ಗೆದ್ದರೆ ವಿಶ್ವ ಚಾಂಪಿಯನ್. ವಿಲ್ನೇವ್ ಗೆದ್ದರೆ ಅವರಿಗೇ ಆ ಪಟ್ಟದ ಆಸೆ ಉಳಿಯುತ್ತಿತ್ತು. ಆದರೆ ತಂಡದ ಮಾತಿಗೆ ಕಟ್ಟುಬಿದ್ದು ಅವರು ಹಿಂದೆಯೇ ಉಳಿದರು. ಅಲ್ಲಿಯೂ ಅಂತರ ಅರ್ಧ ಸೆಕೆಂಡಿಗಿಂತ ಕಡಿಮೆ. ಶೆಕ್ಟರ್ ಚಾಂಪಿಯನ್ ಆದರು, ವಿಲ್ನೇವ್ ಎರಡನೆಯವರಾದರು. ಮುಂದೆ ಅವರಿಗೆ ಆ ಪಟ್ಟ ಎಂದೂ ಸಿಗಲಿಲ್ಲ.

ಆದ್ದರಿಂದ ಆ ಫಲಕವನ್ನು ವಿಲ್ನೇವ್ ಓದಿದ್ದು ತಾನು ಮಾಡಿದ ತ್ಯಾಗದ ಕಣ್ಣಿನಿಂದ. ನಾನು ಅಂದು ಮಾತು ಉಳಿಸಿಕೊಂಡೆ, ಇವನು ಇಂದು ಉಳಿಸಿಕೊಳ್ಳಲಿಲ್ಲ ಎಂಬುದು ಅವರ ನೋವು. ಪಿರೋನಿ 1979ರಲ್ಲಿ ಆ ತಂಡದಲ್ಲೇ ಇರಲಿಲ್ಲ. ಹೋಗಲಿ, ಅವರಿಗೂ ಗೆಲ್ಲುವ ಆಸೆ ಇತ್ತು, ಆಸೆ ಇದ್ದವರು ಫಲಕವನ್ನು ತಮಗೆ ಅನುಕೂಲವಾಗುವಂತೆ ಓದುತ್ತಾರೆ. ಇಬ್ಬರಲ್ಲಿ ಯಾರ ತಪ್ಪು ಎಂದು ರೇಸ್ ಬಲ್ಲವರು ಇವತ್ತಿಗೂ ವಾದ ಮಾಡುತ್ತಾರೆ. ನಮ್ಮ ಪಾಠಕ್ಕೆ ಆ ತೀರ್ಪು ಬೇಕಿಲ್ಲ. ವಿಲ್ನೇವ್ ಹೇಳಿದ್ದೇ ನಿಜ, ಅವರಿಗೆ ಮೋಸವೇ ಆಯಿತು ಎಂದಿಟ್ಟುಕೊಳ್ಳೋಣ. ಆ ಮೋಸ ನಡೆದದ್ದು ಒಂದು ತಿರುವಿನಲ್ಲಿ, ಕೆಲವು ಕ್ಷಣ. ಅದನ್ನು ಹೊತ್ತುಕೊಂಡದ್ದು ಎಷ್ಟು ದಿನ?

13 ದಿನ.

*ಜೋಲ್ಡರ್*

ಮೇ 8, ಶನಿವಾರ. ಬೆಲ್ಜಿಯಂನ ಜೋಲ್ಡರ್. ಮರುದಿನದ ರೇಸಿಗೆ ಯಾರು ಯಾವ ಸ್ಥಾನದಿಂದ ಹೊರಡಬೇಕು ಎಂದು ತೀರ್ಮಾನಿಸುವ ಅರ್ಹತಾ ಓಟ. ಪಿರೋನಿ ಅವರ ಸಮಯ ವಿಲ್ನೇವ್ ಅವರಿಗಿಂತ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಉತ್ತಮವಾಗಿತ್ತು. ಕೊನೆಯ ನಿಮಿಷಗಳಲ್ಲಿ ವಿಲ್ನೇವ್ ಮತ್ತೆ ಹೊರಟರು. ಹಾದಿಯಲ್ಲಿ ಯೋಕೆನ್ ಮಾಸ್ ಎಂಬ ಜರ್ಮನ್ ಚಾಲಕ ನಿಧಾನವಾಗಿ ಬರುತ್ತಿದ್ದರು. ಹಿಂದೆ ಕೆಂಪು ಕಾರು ಕಂಡು ದಾರಿ ಬಿಡಲೆಂದು ಅವರು ಬಲಕ್ಕೆ ಸರಿದರು. ಅದೇ ಕ್ಷಣದಲ್ಲಿ ವಿಲ್ನೇವ್ ಕೂಡ ಬಲಕ್ಕೆ ತಿರುಗಿಸಿದರು. ಕಾರು ಗಾಳಿಗೆ ಹಾರಿ ಚೂರುಚೂರಾಯಿತು. ಆ ರಾತ್ರಿ ಲ್ಯುವೆನ್ ನಗರದ ಆಸ್ಪತ್ರೆಯಲ್ಲಿ ವಿಲ್ನೇವ್ ತೀರಿಕೊಂಡರು. ವಯಸ್ಸು 32.

ಇಲ್ಲಿ ನಾವು ಎಚ್ಚರವಾಗಿರಬೇಕು. 'ನೋಡಿ, ಕೋಪ ಇಟ್ಟುಕೊಂಡ, ಅದಕ್ಕೇ ಸತ್ತ' ಎಂದು ಹೇಳುವುದು ಧಮ್ಮವಲ್ಲ, ಅದು ಸತ್ತವರ ಮೇಲೆ ಕಲ್ಲು ಹಾಕಿದಂತೆ. ಇಬ್ಬರು ಒಂದೇ ಕಡೆಗೆ ಸರಿದದ್ದರಿಂದ ಆದ ಅಪಘಾತ ಅದು. ಅವರ ಮನಸ್ಸಿನಲ್ಲಿ ಆಗ ಏನಿತ್ತು ಎಂದು ಯಾರೂ ಹೇಳಲಾರರು. ಖಂಡಿತವಾಗಿ ಹೇಳಬಹುದಾದದ್ದು ಒಂದೇ. ಆ 13 ದಿನಗಳಲ್ಲಿ 'ಆ ಫಲಕವನ್ನು ನೀನು ಏನೆಂದು ಓದಿದೆ?' ಎಂದು ಒಬ್ಬರನ್ನೊಬ್ಬರು ಕೂತು ಕೇಳಿ ಬಗೆಹರಿಸಿಕೊಳ್ಳಲಿಲ್ಲ. ಮೇ 8ರ ನಂತರ ಕೇಳಲು ಒಬ್ಬರು ಉಳಿಯಲಿಲ್ಲ.

*ಎರಡು ಬಗೆಯ ಮೌನ*

ನಾವು ಬೌದ್ಧರು ಮೌನವನ್ನು ತುಂಬಾ ಗೌರವಿಸುತ್ತೇವೆ. ಆರ್ಯ ಮೌನ ಎನ್ನುತ್ತೇವೆ. ಹಾಗಾಗಿ ಒಂದು ಅಪಾಯ ಇದೆ: ಮುನಿಸಿನ ಮೌನವನ್ನೂ ಸಾಧನೆ ಎಂದುಕೊಂಡುಬಿಡುತ್ತೇವೆ. 'ನಾನು ಜಗಳಕ್ಕೆ ಹೋಗಲ್ಲಪ್ಪ, ಸುಮ್ಮನಿದ್ದುಬಿಡ್ತೀನಿ' ಎನ್ನುತ್ತೇವೆ.

ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗ ಬರುತ್ತದೆ. ಕೋಸಲದಲ್ಲಿ ಕೆಲವು ಭಿಕ್ಷುಗಳು ಒಟ್ಟಿಗೆ ವರ್ಷಾವಾಸ ಮಾಡಿದರು. ಜಗಳವಾಗದಂತೆ ಇರಲು ಅವರು ಒಂದು ಉಪಾಯ ಹೂಡಿದರು: ಯಾರೂ ಯಾರ ಜೊತೆಗೂ ಮಾತಾಡಬಾರದು. ಭಿಕ್ಷೆಯಿಂದ ಮೊದಲು ಬಂದವರು ಆಸನ ಹಾಸಿಡುವುದು, ನೀರಿನ ಕೊಡ ಖಾಲಿ ಕಂಡವರು ತುಂಬಿಸುವುದು, ಒಬ್ಬರಿಂದ ಎತ್ತಲಾಗದಿದ್ದರೆ ಕೈಸನ್ನೆ ಮಾಡಿ ಇನ್ನೊಬ್ಬರನ್ನು ಕರೆಯುವುದು. ಮೂರು ತಿಂಗಳು ಹೀಗೆ ಕಳೆದು, ನಾವು ನೆಮ್ಮದಿಯಿಂದ ಇದ್ದೆವು ಎಂದು ಬುದ್ಧರ ಬಳಿ ಬಂದು ಹೇಳಿದರು. ಬುದ್ಧರು ಮೆಚ್ಚಲಿಲ್ಲ. ಪಶುಗಳು ಒಟ್ಟಿಗೆ ಇದ್ದಂತೆ ಇದ್ದು ಅದನ್ನು ನೆಮ್ಮದಿ ಎನ್ನುತ್ತೀರಲ್ಲ ಎಂದು ಗದರಿದರು. ಆಗಲೇ ಪವಾರಣ ಎಂಬ ವಿಧಿಯನ್ನು ಹಾಕಿಕೊಟ್ಟರು. ವರ್ಷಾವಾಸದ ಕೊನೆಗೆ ಪ್ರತಿಯೊಬ್ಬ ಭಿಕ್ಷುವೂ ಸಂಘದ ಮುಂದೆ ಕೂತು, ನನ್ನಲ್ಲಿ ನೀವು ಕಂಡ, ಕೇಳಿದ ಅಥವಾ ಸಂಶಯಪಟ್ಟ ತಪ್ಪು ಇದ್ದರೆ ದಯಮಾಡಿ ಹೇಳಿ ಎಂದು ಕೇಳಿಕೊಳ್ಳಬೇಕು.

ಗಮನಿಸಿ, ಅಲ್ಲಿ 'ಸಂಶಯಪಟ್ಟ' ತಪ್ಪಿಗೂ ಜಾಗ ಇದೆ. ಕಣ್ಣಾರೆ ಕಾಣದೆ, ಬರೀ ಅನುಮಾನದಿಂದ ಗಂಟು ಕಟ್ಟಿಕೊಂಡದ್ದನ್ನೂ ಬಿಚ್ಚಲು ಅವಕಾಶ. ಇಮೋಲಾದ ಫಲಕದಂಥ ವಿಷಯಕ್ಕೆ ಇದಕ್ಕಿಂತ ಮದ್ದು ಬೇರೆ ಯಾವುದಿದೆ?

*ನನ್ನದೂ ಒಂದು*

ಪಾಠ ಹೇಳುವವನು ತನ್ನದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾನು ಇದ್ದ ಶಾಲೆಯಲ್ಲಿ ವಾರ್ಷಿಕೋತ್ಸವ. ಮುಖ್ಯೋಪಾಧ್ಯಾಯರ ಸೂಚನಾ ಪುಸ್ತಕದಲ್ಲಿ ಬರೆದದ್ದು ಎರಡೇ ಪದ: 'ನಾಟಕ, ಕನ್ನಡ'. ಕನ್ನಡಕ್ಕೆ ಇದ್ದವರು ನಾವಿಬ್ಬರು, ನಾನು ಮತ್ತು ಒಬ್ಬ ಮೇಡಂ. ನಾನು ಒಂಬತ್ತನೇ ತರಗತಿ ಮಕ್ಕಳಿಗೆ ಮೂರು ವಾರ ನಾಟಕ ಕಲಿಸಿದೆ. ಅವರು ಎಂಟನೇ ತರಗತಿಯವರಿಗೆ ಇನ್ನೊಂದು ಕಲಿಸಿದ್ದರು. ಆ ದಿನ ಭಾಷಣಗಳು ಉದ್ದವಾದವು, ಒಂದೇ ನಾಟಕಕ್ಕೆ ಸಮಯ ಉಳಿಯಿತು, ಅವರ ಮಕ್ಕಳು ವೇದಿಕೆ ಹತ್ತಿದರು. ಬಣ್ಣ ಹಚ್ಚಿಕೊಂಡು ಕಾದಿದ್ದ ನನ್ನ ಮಕ್ಕಳು ಹಾಗೇ ಮುಖ ತೊಳೆದುಕೊಂಡು ಮನೆಗೆ ಹೋದರು.

ನಾನು ಮಾತು ಬಿಟ್ಟೆ. ಒಂದೂವರೆ ವರ್ಷ. ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತು, ಏನಾದರೂ ಹೇಳಬೇಕಾದರೆ 'ಹೋಗಿ ಮೇಡಂಗೆ ಹೇಳು' ಎಂದು ಮಕ್ಕಳನ್ನು ಕಳಿಸುತ್ತಿದ್ದೆ. ಒಂದು ದಿನ ಒಬ್ಬ ಹುಡುಗ ಅಲ್ಲೇ ನಿಂತು, 'ಸಾರ್, ಮೇಡಂ ಇಲ್ಲೇ ಕೂತವ್ರಲ್ಲ ಸಾರ್, ನೀವೇ ಹೇಳ್ಬೋದಲ್ವಾ?' ಎಂದ. ನನಗೆ ತಲೆ ಎತ್ತಲಾಗಲಿಲ್ಲ. ಮೇಡಂ ನಕ್ಕುಬಿಟ್ಟರು.

ಅವತ್ತು ಸಂಜೆ ಕೇಳಿದೆ. 'ಅಯ್ಯೋ, ನೀವು ಮಕ್ಕಳಿಗೆ ಅಷ್ಟು ದಿನ ಕಲಿಸಿದ್ದು ನನಗೆ ಗೊತ್ತೇ ಇರಲಿಲ್ಲ ಸಾರ್. ಪುಸ್ತಕದಲ್ಲಿ ನಾಟಕ, ಕನ್ನಡ ಅಂತಿತ್ತು, ನೀವೇನೂ ಹೇಳಲಿಲ್ಲ, ನಾನೇ ಮಾಡಬೇಕೇನೋ ಅಂದುಕೊಂಡೆ' ಎಂದರು. ಆಮೇಲೆ, 'ಒಂದು ಮಾತು ಕೇಳಬೇಕಿತ್ತು ನಾನು' ಎಂದೂ ಹೇಳಿದರು. ಕೇಳಬೇಕಿದ್ದದ್ದು ನಾನೂ ಹೌದು. ಅಷ್ಟರಲ್ಲಿ ಆ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿ ಹೋಗಿದ್ದರು. ಆ ನಾಟಕ ವೇದಿಕೆ ಕಾಣಲೇ ಇಲ್ಲ. ಮಕ್ಕಳಿಗೆ ಆದ ನೋವು ನಿಜ, ನನ್ನ ಸಿಟ್ಟಿಗೆ ಕಾರಣವಿತ್ತು. ಆದರೆ ಆ ಒಂದೂವರೆ ವರ್ಷದ ಮೌನದಿಂದ ಆ ಮಕ್ಕಳಿಗೆ ಏನೂ ಸಿಗಲಿಲ್ಲ. ನಾನು ಮಾತು ಬಿಟ್ಟಿದ್ದೆ, ಸಿಟ್ಟು ಬಿಟ್ಟಿರಲಿಲ್ಲ.

*ಗಂಟು ಬಿಚ್ಚಿದವರು*

ಪಿರೋನಿ ಕತೆಯೂ ಅಲ್ಲಿಗೇ ನಿಲ್ಲಲಿಲ್ಲ. ಅದೇ ವರ್ಷ ಅವರು ಚಾಂಪಿಯನ್ ಪಟ್ಟದ ದಾರಿಯಲ್ಲಿದ್ದರು. ಆಗಸ್ಟ್ 7ರಂದು ಜರ್ಮನಿಯ ಹಾಕೆನ್‌ಹೈಮ್‌ನಲ್ಲಿ, ಮಳೆಯಲ್ಲಿ, ಮುಂದಿನ ಕಾರು ಕಾಣದೆ ಡಿಕ್ಕಿಯಾಗಿ ಎರಡೂ ಕಾಲುಗಳು ಜಜ್ಜಿಹೋದವು. ಮತ್ತೆ ಅವರು ಫಾರ್ಮುಲಾ ಒನ್ ರೇಸಿನಲ್ಲಿ ಓಡಲಿಲ್ಲ. ವರ್ಷದ ಕೊನೆಗೆ 5 ಅಂಕದಿಂದ ಪಟ್ಟ ತಪ್ಪಿತು. 1987ರ ಆಗಸ್ಟ್ 23ರಂದು ಇಂಗ್ಲೆಂಡಿನ ಐಲ್ ಆಫ್ ವೈಟ್ ಬಳಿ ದೋಣಿ ರೇಸಿನಲ್ಲಿ ಅವರೂ ತೀರಿಕೊಂಡರು. ವಯಸ್ಸು 35.

ಆಗ ಅವರ ಸಂಗಾತಿ ಗರ್ಭಿಣಿ. ಮುಂದಿನ ವರ್ಷದ ಆರಂಭದಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರು. ಆ ತಾಯಿ ಒಬ್ಬನಿಗೆ ದಿದಿಯೆ ಎಂದು, ಇನ್ನೊಬ್ಬನಿಗೆ ಜಿಲ್ ಎಂದು ಹೆಸರಿಟ್ಟರು. ಆ ಜಿಲ್ ಪಿರೋನಿ ದೊಡ್ಡವರಾಗಿ ಮರ್ಸಿಡಿಸ್ ತಂಡದಲ್ಲಿ ಎಂಜಿನಿಯರ್ ಆದರು. 2020ರ ಬ್ರಿಟಿಷ್ ಗ್ರ್ಯಾನ್ ಪ್ರಿಯಲ್ಲಿ ಲೂಯಿಸ್ ಹ್ಯಾಮಿಲ್ಟನ್ ಗೆದ್ದಾಗ ತಂಡದ ಪರವಾಗಿ ಬಹುಮಾನ ಪಡೆದವರು ಅವರೇ. ವೇದಿಕೆಯ ಬಳಿ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದ ಇಬ್ಬರ ಹೆಸರು ಒಬ್ಬನೇ ಮನುಷ್ಯನ ಹೆಸರಾಗಿ ವೇದಿಕೆಗೆ ಬಂದಿತು. ಅಪ್ಪಂದಿರು ಬಿಚ್ಚಲಾಗದ ಗಂಟನ್ನು ಒಬ್ಬ ತಾಯಿ ನಾಮಕರಣದ ದಿನ ಬಿಚ್ಚಿದ್ದರು.

*ಇಂದಿನ ಅಭ್ಯಾಸ*

1. ನೀವು ಮಾತು ಬಿಟ್ಟಿರುವ ಒಬ್ಬರನ್ನು ನೆನಪಿಸಿಕೊಳ್ಳಿ. ಅಣ್ಣ ತಮ್ಮ, ಅತ್ತಿಗೆ, ಪಕ್ಕದ ಮನೆಯವರು, ಆಫೀಸಿನವರು, ಯಾರಾದರೂ ಸರಿ.
2. ಆ ಘಟನೆ ನಡೆದದ್ದು ಎಷ್ಟು ನಿಮಿಷ, ನೀವು ಹೊತ್ತದ್ದು ಎಷ್ಟು ದಿನ, ಲೆಕ್ಕ ಬರೆಯಿರಿ.
3. ಅವರು 'ಫಲಕ'ವನ್ನು ಹೇಗೆ ಓದಿರಬಹುದು ಎಂದು ಅವರ ಪರವಾಗಿ ಎರಡು ಸಾಲು ಬರೆಯಿರಿ.
4. ಆದರೆ ಇವತ್ತೇ ಒಂದು ಫೋನ್ ಮಾಡಿ. ಕ್ಷಮೆ ಕೇಳಬೇಕೆಂದಿಲ್ಲ, ಕ್ಷಮಿಸಬೇಕೆಂದೂ ಇಲ್ಲ. 'ಅವತ್ತು ನೀವು ಏನಂದುಕೊಂಡಿರಿ?' ಎಂದು ಕೇಳಿದರೆ ಸಾಕು. ಹಿಂಸೆ ಮಾಡಿದವರ ವಿಷಯವಾದರೆ ಮಾತ್ರ ದೂರವೇ ಇರಿ. ಅಲ್ಲಿ ಗಂಟನ್ನು ನಿಮ್ಮೊಳಗೇ ಬಿಚ್ಚಿಕೊಳ್ಳಿ.

ಭಾನುವಾರದ ಓದಿನಲ್ಲಿ ಇದನ್ನೇ ಮುಂದುವರಿಸೋಣ. ಪಟ್ಟಿಯಲ್ಲಿ ಮುಂದೆ ಬರುವ ಪಳಾಸ, ಅಂದರೆ ಪೈಪೋಟಿಯ ಸ್ವಭಾವ, ಆ ಪದವನ್ನು ಓದಿಕೊಂಡು ಬನ್ನಿ.

ಎಲ್ಲರ ಮನಸ್ಸಿನ ಗಂಟುಗಳೂ ಸಡಿಲವಾಗಲಿ. ಎಲ್ಲರಿಗೂ ಮಂಗಳವಾಗಲಿ.

ಸಾಧು, ಸಾಧು, ಸಾಧು 🙏