ಗಜ್ಜು ಇಲ್ಲದೆ ನಿದ್ದೆಯಿಲ್ಲ

ಪ್ರಶ್ನೆ: ನಮ್ಮ ಮಗಳಿಗೆ ಎರಡೂವರೆ ವರ್ಷ. ಮೊದಲ ಹುಟ್ಟುಹಬ್ಬಕ್ಕೆ ಬಂದ ಬೂದು ಬಣ್ಣದ ಆನೆ ಗೊಂಬೆಯನ್ನು ಒಂದು ಗಳಿಗೆಯೂ ಬಿಟ್ಟಿರುವುದಿಲ್ಲ. ಅದಕ್ಕೆ ಗಜ್ಜು ಎಂದು ಹೆಸರಿಟ್ಟವಳೂ ಅವಳೇ. ಊಟಕ್ಕೆ ಕೂತರೆ ಮೊದಲ ತುತ್ತು ಗಜ್ಜುಗೆ. ಮದುವೆ ಮನೆಗೂ ಗಜ್ಜು, ಡಾಕ್ಟರ ಹತ್ತಿರವೂ ಗಜ್ಜು. ಒಂದು ಕಿವಿ ಕಿತ್ತು ಬಂದಿದೆ, ಸೊಂಡಿಲು ಚೀಪಿ ಚೀಪಿ ಕಪ್ಪಾಗಿದೆ. ಒಗೆಯಲು ತೆಗೆದುಕೊಂಡರೆ ಸೂರು ಕಿತ್ತುಹೋಗುವ ಹಾಗೆ ಅಳುತ್ತಾಳೆ. ನಾನು ಬ್ಯಾಂಕಿನಲ್ಲಿದ್ದೇನೆ, ಅವಳಿಗೆ ಒಂಬತ್ತು ತಿಂಗಳಾದಾಗ ಮತ್ತೆ ಕೆಲಸಕ್ಕೆ ಹೋದೆ. 'ತಾಯಿ ಹತ್ತಿರ ಇಲ್ಲದ್ದಕ್ಕೇ ಮಗು ಗೊಂಬೆ ಹಚ್ಚಿಕೊಂಡಿದೆ, ನಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲ' ಎನ್ನುತ್ತಾರೆ ಅತ್ತೆ. ಬೇವಿನೆಣ್ಣೆ ಹಚ್ಚಿ ಬಿಡಿಸು, ಇಲ್ಲವೇ ಅಟ್ಟಕ್ಕೆ ಹಾಕಿ ಕಾಗೆ ಕಚ್ಚಿಕೊಂಡು ಹೋಯಿತು ಅನ್ನು ಎಂದು ಅವರ ಸಲಹೆ. ಅಂಥದ್ದೇ ಹೊಸದನ್ನು ತಂದು ಬದಲಾಯಿಸೋಣ ಎನ್ನುತ್ತಾರೆ ನಮ್ಮವರು. ಜೂನ್‌ನಿಂದ ಪ್ಲೇ ಹೋಮ್‌ಗೆ ಕಳಿಸಬೇಕು. ಏನು ಮಾಡಲಿ?
— ಹೆಸರು ಬೇಡ, ದಾವಣಗೆರೆ

ಉತ್ತರ: ಗಜ್ಜುವನ್ನು ಬಿಡಿಸಬೇಡಿ. ಬೇವಿನೆಣ್ಣೆಯೂ ಬೇಡ, ಅಟ್ಟವೂ ಬೇಡ. ನಿಮ್ಮ ಪತ್ರದ ನಡುವೆ ಒಂಬತ್ತು ತಿಂಗಳ ಮಾತು ಬಂದಿದೆ. ನಿಮ್ಮನ್ನು ಒಳಗೊಳಗೇ ಕೊರೆಯುತ್ತಿರುವುದು ಅದೇ ಅನಿಸಿತು. ಅದಕ್ಕೇ ಅದನ್ನು ಮೊದಲು ಎತ್ತಿಕೊಳ್ಳುತ್ತೇನೆ.

ಇಂಗ್ಲೆಂಡಿನ ಡೊನಾಲ್ಡ್ ವಿನಿಕಾಟ್ ಮಕ್ಕಳ ವೈದ್ಯರೂ ಹೌದು, ಮನೋವಿಶ್ಲೇಷಕರೂ ಹೌದು. ಲಂಡನ್ನಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ದಶಕಗಳ ಕಾಲ ಕೆಲಸ ಮಾಡಿದವರು. ಮಗು ಹಚ್ಚಿಕೊಳ್ಳುವ ಕಂಬಳಿಯ ಚೂರು, ಬಟ್ಟೆಯ ಗೊಂಬೆ ಇವುಗಳ ಬಗ್ಗೆ ಅವರು 1951ರಲ್ಲಿ ಒಂದು ಪ್ರಬಂಧ ಮಂಡಿಸಿದರು. 1953ರಲ್ಲಿ ಅದು ಅಚ್ಚಾಯಿತು. ಇವತ್ತಿಗೂ ನಾವೆಲ್ಲ ಅದನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇವೆ. ತಾಯಿ ಮತ್ತು ತಾನು ಬೇರೆ ಬೇರೆ ಎಂಬುದು ಮಗುವಿಗೆ ನಿಧಾನವಾಗಿ ಗೊತ್ತಾಗುತ್ತದೆ. ಕಣ್ಣಿಗೆ ಕಾಣದಿದ್ದರೂ ಅಮ್ಮ ಎಲ್ಲೋ ಇದ್ದಾಳೆ, ಬರುತ್ತಾಳೆ ಎಂದು ನಂಬಿಕೊಂಡು ಕಾಯುವುದನ್ನು ಅದು ಕಲಿಯಬೇಕು. ಆ ಕಲಿಕೆಗೆ ಮಗು ತಾನೇ ಆರಿಸಿಕೊಳ್ಳುವ ಆಸರೆ ಇದು. ನೀವು ಕೊಡಿಸಿದ ಆಟಿಕೆಗಳು ಮನೆ ತುಂಬ ಇರಬಹುದು, ಆದರೆ ಗಜ್ಜುವನ್ನು ಗಜ್ಜು ಮಾಡಿದವಳು ನಿಮ್ಮ ಮಗಳೇ.

ವಿನಿಕಾಟ್ ಹೇಳಿದ ಇನ್ನೊಂದು ಮಾತು ನಿಮಗೆ ಬಹಳ ಮುಖ್ಯ. ತಾಯಿಯ ಮೇಲಿನ ನಂಬಿಕೆ ಒಳಗೆ ಜೀವಂತವಾಗಿದ್ದರೆ ಮಾತ್ರ ಮಗುವಿಗೆ ಇಂಥ ಗೊಂಬೆಯಿಂದ ಸಮಾಧಾನ ಸಿಗುತ್ತದೆ. ತಾಯಿ ತೀರಾ ಹೆಚ್ಚು ಕಾಲ ದೂರವಾಗಿ ಆ ನಂಬಿಕೆ ಆರಿಹೋದರೆ ಗೊಂಬೆಯೂ ಅರ್ಥ ಕಳೆದುಕೊಳ್ಳುತ್ತದೆ. ನಿಮ್ಮ ಮಗಳು ಗಜ್ಜುವನ್ನು ಅಪ್ಪಿಕೊಂಡು ಸಮಾಧಾನವಾಗುತ್ತಾಳೆ ಎಂದರೆ ನೀವು ಕೊಟ್ಟ ಪ್ರೀತಿ ಅವಳೊಳಗೆ ಗಟ್ಟಿಯಾಗಿ ಕೂತಿದೆ ಎಂದೇ ಅರ್ಥ. ನೀವು ಬ್ಯಾಂಕಿಗೆ ಹೋಗುವುದಕ್ಕೆ ಇದನ್ನು ಶಿಕ್ಷೆಯೆಂದು ಓದಿಕೊಳ್ಳಬೇಡಿ, ದಯವಿಟ್ಟು.

ಹಾಗೆಂದು ಅತ್ತೆಯ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಅವರ ಕಾಲದಲ್ಲಿ ಇಂಥ ಗೊಂಬೆಗಳು ಕಡಿಮೆ ಇದ್ದದ್ದು ನಿಜ. ಇಟಲಿಯಲ್ಲಿ ಗದ್ದೀನಿ ದಂಪತಿ ನಡೆಸಿ 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಯಿಯ ಮಗ್ಗುಲಲ್ಲೇ ಮಲಗಿ ಬೆಳೆಯುವ ಹಳ್ಳಿಯ ಮಕ್ಕಳಿಗಿಂತ ರೋಮ್ ನಗರದ ಮಕ್ಕಳಲ್ಲಿ ಈ ಅಭ್ಯಾಸ ಬಹಳ ಹೆಚ್ಚಾಗಿ ಕಂಡಿತು. ಕೊರಿಯಾ ಮತ್ತು ಅಮೆರಿಕದ ಮಕ್ಕಳನ್ನು ಹೋಲಿಸಿ ನೋಡಿದವರಿಗೂ ಅಂಥದ್ದೇ ವ್ಯತ್ಯಾಸ ಸಿಕ್ಕಿತು. ಅಜ್ಜಿಯ ಮಗ್ಗುಲಲ್ಲಿ ಮಲಗುವ ಮಗುವಿಗೆ ಅಜ್ಜಿಯೇ ಸಿಗುತ್ತಾಳಲ್ಲ! ಆದರೆ ಅಮ್ಮನ ಹಳೇ ಸೀರೆಯ ಸೆರಗು ಮೂಗಿಗೆ ಒತ್ತಿಕೊಳ್ಳದೆ ಮಲಗದ ಮಗು, ಕೌದಿಯ ಒಂದೇ ಮೂಲೆಯನ್ನು ಬೆರಳಲ್ಲಿ ಉಜ್ಜುತ್ತಾ ನಿದ್ದೆ ಹೋಗುವ ಮಗು, ಅಜ್ಜಿಯ ಕಿವಿಯ ಹಾಲೆ ಹಿಡಿದುಕೊಂಡೇ ಕಣ್ಣು ಮುಚ್ಚುವ ಮಗು ಎಲ್ಲರ ಮನೆಯಲ್ಲೂ ಇದ್ದವು. ನಿಮ್ಮ ಮನೆಯವರು ಚಿಕ್ಕವರಿದ್ದಾಗ ಏನು ಹಿಡಿದು ಮಲಗುತ್ತಿದ್ದರು ಎಂದು ಅತ್ತೆಯನ್ನೇ ಒಮ್ಮೆ ಕೇಳಿ ನೋಡಿ.

ಬೇವಿನೆಣ್ಣೆಯ ಉಪಾಯ ಎದೆಹಾಲು ಬಿಡಿಸುವಾಗಿನದು. ಅಲ್ಲೂ ಅದು ನನಗೆ ಇಷ್ಟವಿಲ್ಲ, ಇಲ್ಲಂತೂ ಖಂಡಿತ ಬೇಡ. ಅವಳಿಗೆ ಧೈರ್ಯ ಕೊಡುವ ವಸ್ತುವನ್ನೇ ಕಹಿ ಮಾಡಿ ಏನು ಸಾಧಿಸಿದ ಹಾಗಾಯಿತು? ಕಾಗೆಯ ಕತೆ ಅದಕ್ಕಿಂತ ಕೆಟ್ಟದ್ದು. ಅತಿ ಪ್ರೀತಿಯದ್ದು ಹೇಳದೆ ಕೇಳದೆ ಮಾಯವಾಗಬಹುದು ಎಂದು ಕಲಿತ ಮಗು ಮರುದಿನದಿಂದ ನಿಮ್ಮ ಸೆರಗು ಬಿಡುವುದಿಲ್ಲ. ಪ್ಲೇ ಹೋಮ್‌ಗೆ ಸೇರಿಸುವ ಹೊತ್ತಿನಲ್ಲಿ ಇದನ್ನು ಮಾತ್ರ ಮಾಡಬೇಡಿ.

ನಿಮ್ಮವರ ಯೋಚನೆ ಒಳ್ಳೆಯ ಮನಸ್ಸಿನದು, ಆದರೆ ನಡೆಯುವುದಿಲ್ಲ. ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ ಎಂಬ ಮನೋವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಒಂದು ಯಂತ್ರ ತೋರಿಸಿ, ಒಳಗಿಟ್ಟ ವಸ್ತುವಿನ ತದ್ರೂಪನ್ನು ಇದು ತಯಾರಿಸುತ್ತದೆ ಎಂದು ನಂಬಿಸಿದರು. ತಮ್ಮ ಮುದ್ದಿನ ಗೊಂಬೆಯನ್ನು ಒಳಗಿಡಲು ಕೆಲವು ಮಕ್ಕಳು ಒಪ್ಪಲೇ ಇಲ್ಲ. ಒಪ್ಪಿದವರಲ್ಲೂ ಹೆಚ್ಚಿನವರು ಹಳೆಯದನ್ನೇ ಕೇಳಿ ಪಡೆದರು. ಹೊಸ ಆನೆಯನ್ನು ತಂದರೆ ತನ್ನಿ, ಆದರೆ ಗಜ್ಜುವಿನ ತಮ್ಮನೆಂದೋ ತಂಗಿಯೆಂದೋ ಹೇಳಿ ಕೊಡಿ. ಗಜ್ಜು ಎಂದು ಸುಳ್ಳು ಹೇಳಬೇಡಿ. ಮೂಸಿ ನೋಡಿದ ಕೂಡಲೇ ಅವಳಿಗೆ ಗೊತ್ತಾಗುತ್ತದೆ.

ಒಗೆಯುವಾಗ ಅವಳು ಅಳುವುದೂ ಈ ವಾಸನೆಗಾಗಿಯೇ. ನಮ್ಮ ಮೂಗಿಗೆ ಕೊಳಕು ನಾತ, ಅವಳಿಗೆ ಅದೇ ಗಜ್ಜುವಿನ ಗುರುತು. ಒಗೆಯದೇ ಇರಲು ಸಾಧ್ಯವಿಲ್ಲ. ಬಟ್ಟೆಯ ಗೊಂಬೆಯಲ್ಲಿ ಧೂಳುಹುಳ ಸೇರಿಕೊಂಡರೆ ಕೆಮ್ಮು, ಉಬ್ಬಸ ಇರುವ ಮಕ್ಕಳಿಗೆ ತೊಂದರೆಯಾಗುತ್ತದೆ. ಹೀಗೆ ಮಾಡಿ. ಬಿಸಿಲು ಚೆನ್ನಾಗಿರುವ ರಜಾದಿನ ಬೆಳಿಗ್ಗೆಯೇ, ಅವಳ ಸ್ನಾನ ಮುಗಿದ ಮೇಲೆ 'ಈಗ ಗಜ್ಜು ಸ್ನಾನ' ಎಂದು ಹೇಳಿ ಬಕೆಟ್ ಮುಂದೆ ಅವಳನ್ನೂ ಕೂರಿಸಿಕೊಳ್ಳಿ. ಬಿಸಿನೀರಿನಲ್ಲಿ ನೆನೆಸುವ ಕೆಲಸ ನಿಮ್ಮದು. ನೀರು ಆರಿದ ಮೇಲೆ ಬೆನ್ನು ತಿಕ್ಕುವುದು ಅವಳದು. ದಿನಾ ಬಟ್ಟೆಗೆ ಹಾಕುವ ಸೋಪೇ ಸಾಕು, ಘಮಘಮ ಎನ್ನುವ ದ್ರಾವಣ ಯಾವುದೂ ಬೇಡ. ಹಿಂಡಿ ತಿರುಚಬೇಡಿ, ಟವೆಲ್‌ನಲ್ಲಿ ಸುತ್ತಿ ಒತ್ತಿ. ಅವಳ ಕಣ್ಣಿಗೆ ಬೀಳುವಷ್ಟು ತಗ್ಗಿನಲ್ಲಿ, ಕುರ್ಚಿಯ ಬೆನ್ನಿಗೆ ಒಣಹಾಕಿ. ಬೇಕೆನಿಸಿದಾಗ ಹೋಗಿ ಬಾಲ ಮುಟ್ಟಿ ಬರಲಿ. ಒಳಗಿನ ಹತ್ತಿ ಪೂರ್ತಿ ಒಣಗದಿದ್ದರೆ ಮುಗ್ಗಲು ಬರುತ್ತದೆ, ಹಾಗಾಗಿ ಮಳೆಗಾಲದ ಮೋಡದ ದಿನ ಈ ಕೆಲಸಕ್ಕೆ ಕೈಹಾಕಬೇಡಿ. ಕಿತ್ತ ಕಿವಿಯನ್ನು ಅತ್ತೆಯ ಕೈಯಲ್ಲೇ, ಮಗಳ ಎದುರಿಗೇ ಹೊಲಿಸಿ. ಕಣ್ಣು ಗುಂಡಿಯದಾಗಿದ್ದರೆ ಎಳೆದು ನೋಡಿ. ಸಡಿಲಾಗಿದ್ದರೆ ಕಿತ್ತು, ದಾರದಲ್ಲಿ ಕಣ್ಣು ಹೊಲಿಯಿರಿ. ಗುಂಡಿ ಗಂಟಲಿಗೆ ಸಿಕ್ಕಿದರೆ ಅಪಾಯ. (ಒಂದು ವರ್ಷದೊಳಗಿನ ಕೂಸಿರುವ ಓದುಗರು ಗಮನಿಸಿ: ಮಲಗುವ ತೊಟ್ಟಿಲಲ್ಲಿ ಮೆತ್ತನೆಯ ಗೊಂಬೆ ಇಡಲೇಬಾರದು, ಉಸಿರು ಕಟ್ಟಬಹುದು.)

ಪ್ಲೇ ಹೋಮ್‌ಗೆ ಗಜ್ಜು ಜೊತೆಯಲ್ಲೇ ಹೋಗಲಿ. 1975ರಲ್ಲಿ ರಿಚರ್ಡ್ ಪಾಸ್‌ಮನ್ ಮತ್ತು ಪಾಲ್ ವೈಸ್‌ಬರ್ಗ್ ಕಂಬಳಿ ಹಚ್ಚಿಕೊಂಡ ಮಕ್ಕಳನ್ನು ಅಪರಿಚಿತ ಕೋಣೆಯಲ್ಲಿ ಬಿಟ್ಟು ನೋಡಿದರು. ಕಂಬಳಿ ಜೊತೆಗಿದ್ದಾಗ ಆ ಮಕ್ಕಳು, ತಾಯಿ ಜೊತೆಗಿದ್ದರೆ ಹೇಗೋ ಹಾಗೆಯೇ ಅಳದೆ ಆಡಿದವು, ಕೋಣೆಯೆಲ್ಲ ಸುತ್ತಿದವು. ನಿಮಗೆ ಜೂನ್‌ನಲ್ಲಿ ಬೇಕಿರುವುದೂ ಅದೇ ತಾನೆ? ಮುಂಚೆಯೇ ಹೋಗಿ ಅಲ್ಲಿನ ಮಿಸ್ ಜೊತೆ ಮಾತಾಡಿ. 'ಗೊಂಬೆ ತರಬಾರದು, ಬೇರೆ ಮಕ್ಕಳು ಕಿತ್ತಾಡುತ್ತಾರೆ' ಎಂದರೆ, ಬ್ಯಾಗಿನಲ್ಲಿ ಇರಲಿ, ಮಲಗಿಸುವಾಗ ಮತ್ತು ತುಂಬ ಅತ್ತಾಗ ಕೊಡಿ ಎಂದು ಕೇಳಿ. ಅಷ್ಟಕ್ಕೂ ಒಪ್ಪದಿದ್ದರೆ, ಸಾಧ್ಯವಿದ್ದಲ್ಲಿ ಬೇರೆ ಕಡೆ ವಿಚಾರಿಸಿ. ಎರಡೂವರೆ ವರ್ಷದ ಮಗುವಿಗೆ ಒಂದು ಗೊಂಬೆಯನ್ನೂ ಬಿಟ್ಟುಕೊಡದ ಜಾಗ ನನಗೆ ಹಿಡಿಸುವುದಿಲ್ಲ. ಕೆಲವು ವಾರಗಳಲ್ಲಿ ಆಟದ ಗಲಾಟೆಯಲ್ಲಿ ಅವಳೇ ಬ್ಯಾಗು ತೆರೆಯುವುದನ್ನು ಮರೆತರೆ ಅದನ್ನು ಎತ್ತಿ ಆಡಬೇಡಿ, 'ಈಗ ದೊಡ್ಡವಳಾದೆ' ಎಂದು ಹೊಗಳಲೂ ಬೇಡಿ. ಜ್ವರ ಬಂದ ದಿನ, ಊರಿಗೆ ಹೋದ ದಿನ ಮತ್ತೆ ಬೇಕೆನ್ನುತ್ತಾಳೆ. ಆಗ ಕೇಳಲು ಅವಳಿಗೆ ನಾಚಿಕೆಯಾಗಬಾರದು.

ಇದು ಎಷ್ಟು ವರ್ಷ ಎಂದು ಕೇಳುವವರಿಗೆ ಲೆಕ್ಕ ಕೊಡಲಾಗುವುದಿಲ್ಲ. ಶಾಲೆಗೆ ಹೋದ ಮೇಲೂ ರಾತ್ರಿ ಹಾಸಿಗೆಯಲ್ಲಿ ಗೊಂಬೆ ಬೇಕೆನ್ನುವ ಮಕ್ಕಳು ಬೇಕಾದಷ್ಟಿದ್ದಾರೆ, ಅದರಲ್ಲಿ ಕೆಡುಕೇನಿಲ್ಲ. ನಿಮ್ಮ ಮಗಳು ಗೊಂಬೆಗೆ ಹೆಸರಿಟ್ಟು ತುತ್ತು ಕೊಡುತ್ತಾಳೆ. ನಟಿಸಿ ಆಡುವ ಈ ಆಟ ಚೆನ್ನಾಗಿ ಬೆಳೆಯುತ್ತಿರುವ ಮಗುವಿನ ಲಕ್ಷಣ. ಹೆಸರು ಹಿಡಿದು ಕರೆದರೆ ತಿರುಗದಿದ್ದರೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಎರಡು ಪದ ಜೋಡಿಸಿ ಮಾತಾಡದಿದ್ದರೆ, ಗೊಂಬೆ ಕೈಯಲ್ಲಿದ್ದರೂ ಜನರ ಕಡೆ ಕಣ್ಣೆತ್ತಿ ನೋಡದೆ ದಿನವೆಲ್ಲ ಒಂದೇ ಆಟದಲ್ಲಿ ಮುಳುಗಿದ್ದರೆ ಮಾತ್ರ ಮಕ್ಕಳ ವೈದ್ಯರಿಗೆ ತೋರಿಸಿ. ಮಾತಿನ ತೊಂದರೆ ಅನಿಸಿದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವೇ ಇದೆ. ಅಂಥ ಪ್ರಯಾಣ ಬಂದರೆ ಗಜ್ಜುವನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಅದು ಮಡಿಲಲ್ಲಿದ್ದರೆ ಮಗು ಹೊಸಬರೊಂದಿಗೆ ಬೇಗ ಹೊಂದಿಕೊಳ್ಳುತ್ತದೆ, ಪರೀಕ್ಷಿಸುವವರಿಗೂ ಅನುಕೂಲ.